ವಕಾಲತ್ತಿಗೆ ಸಹಿ ಹಾಕುವ ಮುನ್ನ: ವಿಚ್ಛೇದನ, ಮಗುವಿನ ಸುಪರ್ದಿ, ದತ್ತು

ಗಂಡ ಹೆಂಡತಿ ಬೇರೆಯಾಗುವ ಮಾತು ಬಂದಾಗ ಮಂಡ್ಯದ ಹಳ್ಳಿಗಳಲ್ಲಿ ಮೊದಲು ಸೇರುವುದು ಹಿರಿಯರ ಪಂಚಾಯ್ತಿ. ಮೈಸೂರಿನ ಬಡಾವಣೆಗಳಲ್ಲೂ ಅದು ಅಪರೂಪವಲ್ಲ. ಎರಡೂ ಕಡೆಯವರು ಕೂತು ಒಡವೆ ಯಾರಿಗೆ, ಮದುವೆ ಖರ್ಚಿನ ಲೆಕ್ಕವೇನು, ಮಗು ಎಲ್ಲಿರಬೇಕು ಎಂದು ತೀರ್ಮಾನಿಸಿ, ಛಾಪಾ ಕಾಗದದ ಮೇಲೆ ‘ಬಿಡುಗಡೆ ಪತ್ರ’ ಬರೆಸಿ, ನೋಟರಿ ಮೊಹರು ಹಾಕಿಸುತ್ತಾರೆ. ಅಲ್ಲಿಗೆ ಎಲ್ಲರೂ ನಿರಾಳ. ಕಾನೂನಿನ ಕಣ್ಣಲ್ಲಿ ಮಾತ್ರ ಅವರಿಬ್ಬರೂ ಇನ್ನೂ ಗಂಡ ಹೆಂಡತಿಯೇ.

ನೋಟರಿ ದೃಢೀಕರಿಸುವುದು ಕಾಗದದ ಮೇಲಿನ ಸಹಿಯನ್ನಷ್ಟೇ. 1955ರ ಹಿಂದೂ ವಿವಾಹ ಕಾಯ್ದೆಯ ಪ್ರಕಾರ ವಿಚ್ಛೇದನ ಸಿಗುವುದು ನ್ಯಾಯಾಲಯದ ಡಿಕ್ರಿಯಿಂದ. ಜಾತಿಯ ರೂಢಿಯಲ್ಲಿ ಬಿಡುಗಡೆಯ ಪದ್ಧತಿಯಿದ್ದರೆ ಕಾಯ್ದೆಯ 29(2)ನೇ ಕಲಂ ಅದನ್ನು ಉಳಿಸಿದೆ ನಿಜ. ಆದರೆ ಅಂಥ ರೂಢಿ ತಲೆಮಾರುಗಳಿಂದ ಎಡೆಬಿಡದೆ ನಡೆದುಬಂದಿದೆ ಎಂದು ಸಾಕ್ಷಿ ಸಮೇತ ಸಾಬೀತುಪಡಿಸುವ ಹೊಣೆ ಹಾಗೆ ಹೇಳಿಕೊಳ್ಳುವವರದೇ, ಅದು ಹಗುರವಾದ ಹೊಣೆಯಲ್ಲ. ಸಾಬೀತಾಗದಿದ್ದರೆ, ಆ ಪತ್ರವನ್ನು ನಂಬಿ ಮಾಡಿಕೊಂಡ ಎರಡನೇ ಮದುವೆ ಅಸಿಂಧು. ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಂ ಪ್ರಕಾರ ಅದು ಅಪರಾಧವೂ ಹೌದು. ಆ ಎರಡನೇ ಮದುವೆಗೆ ಬಂದ ಹೆಣ್ಣುಮಗಳು ಗಂಡ ತೀರಿಕೊಂಡ ಮೇಲೆ ಪಿಂಚಣಿಗೋ ಪಾಲಿಗೋ ಅರ್ಜಿ ಹಾಕಿದಾಗ ತಾನು ಕಾನೂನುಬದ್ಧ ಹೆಂಡತಿಯೇ ಅಲ್ಲ ಎಂಬುದು ಗೊತ್ತಾಗುತ್ತದೆ. ಹಾಗಾಗಿ ‘ಎರಡು ದಿನದಲ್ಲಿ ನೋಟರಿ ಡೈವೋರ್ಸ್ ಮಾಡಿಸಿಕೊಡುತ್ತೇನೆ’ ಎನ್ನುವವರ ಎದುರಿನಿಂದ ಎದ್ದು ಬಂದುಬಿಡಿ.

ಪಂಚಾಯ್ತಿಯ ಮಾತುಕತೆಯೆಲ್ಲ ವ್ಯರ್ಥ ಎಂದೇನಲ್ಲ. ಅಲ್ಲಿ ಒಪ್ಪಿದ ಷರತ್ತುಗಳನ್ನೇ ಪರಸ್ಪರ ಒಪ್ಪಿಗೆಯ ವಿಚ್ಛೇದನದ ಅರ್ಜಿಯೊಳಗೆ ಬರೆದು ನ್ಯಾಯಾಲಯದ ಮುಂದಿಟ್ಟರೆ ಅವಕ್ಕೆ ಬಲ ಬರುತ್ತದೆ. ವಕೀಲರ ಕೆಲಸ ಶುರುವಾಗುವುದು ಅಲ್ಲಿಂದ.

ಯಾವ ಊರಿನ ವಕೀಲರು?

‘ನಮ್ಮೂರಿನ ವಕೀಲರು’ ಎಂದರೆ ನಿಮ್ಮ ಮನೆಗೆ ಹತ್ತಿರದವರು ಎಂದಲ್ಲ, ಪ್ರಕರಣ ನಡೆಯುವ ನ್ಯಾಯಾಲಯಕ್ಕೆ ದಿನವೂ ಹೋಗುವವರು ಎಂದರ್ಥ. ಆದ್ದರಿಂದ ಮೊದಲು ನ್ಯಾಯಾಲಯ ಯಾವುದೆಂದು ಗೊತ್ತಾಗಬೇಕು. ಹಿಂದೂ ವಿವಾಹ ಕಾಯ್ದೆಯ 19ನೇ ಕಲಂ ಪ್ರಕಾರ ಮದುವೆ ನಡೆದ ಊರು, ಎದುರುದಾರರು ಈಗ ವಾಸವಿರುವ ಊರು, ಇಬ್ಬರೂ ಕೊನೆಯ ಸಲ ಒಟ್ಟಿಗೆ ಸಂಸಾರ ಮಾಡಿದ ಊರು, ಈ ಮೂರರಲ್ಲಿ ಎಲ್ಲಿ ಬೇಕಾದರೂ ಅರ್ಜಿ ಹಾಕಬಹುದು. ಹೆಂಡತಿಯೇ ಅರ್ಜಿದಾರಳಾದರೆ ಅವಳು ಈಗ ಇರುವ ಊರಲ್ಲೂ ಹಾಕಬಹುದು. 2003ರ ತಿದ್ದುಪಡಿಯಿಂದ ಬಂದ ಅನುಕೂಲ ಇದು.

ಒಂದು ಉದಾಹರಣೆ ನೋಡಿ. ಮದುವೆ ಶ್ರೀರಂಗಪಟ್ಟಣದ ಕಲ್ಯಾಣ ಮಂಟಪದಲ್ಲಿ, ಸಂಸಾರ ಮೈಸೂರಿನ ಕುವೆಂಪುನಗರದಲ್ಲಿ, ಜಗಳವಾದ ಮೇಲೆ ಹೆಂಡತಿ ಮದ್ದೂರಿನ ತವರಲ್ಲಿ, ಗಂಡ ಬೆಂಗಳೂರಿನ ಕೆಲಸದಲ್ಲಿ. ಹೆಂಡತಿಗೆ ಈ ನಾಲ್ಕು ಕಡೆಯೂ ದಾರಿಯಿದೆ. ಗಂಡನಿಗೆ ಶ್ರೀರಂಗಪಟ್ಟಣ, ಮೈಸೂರು, ಮದ್ದೂರಿನ ವ್ಯಾಪ್ತಿಗಳಲ್ಲಿ ಅವಕಾಶವಿದೆ. ತಾನು ಕೆಲಸದಲ್ಲಿದ್ದೇನೆ ಎಂಬ ಒಂದೇ ಕಾರಣಕ್ಕೆ ಬೆಂಗಳೂರಿನಲ್ಲಿ ಹಾಕಲು ಬರುವುದಿಲ್ಲ. ಆ ಒಂದು ತಪ್ಪಿನಿಂದ ಅರ್ಜಿಯೇ ವ್ಯಾಪ್ತಿಯ ತಕರಾರಿಗೆ ಸಿಕ್ಕಿ ತಿಂಗಳುಗಟ್ಟಲೆ ನಿಲ್ಲುತ್ತದೆ. ಎರಡು ಊರುಗಳಲ್ಲಿ ಎರಡು ಪ್ರಕರಣಗಳು ದಾಖಲಾಗಿದ್ದರೆ ಒಂದೇ ಕಡೆಗೆ ವರ್ಗಾಯಿಸಲು ಬೆಂಗಳೂರಿನ ಹೈಕೋರ್ಟಿಗೆ ಅರ್ಜಿ ಹಾಕಬೇಕು. ಬೇರೆ ರಾಜ್ಯದಲ್ಲಿದ್ದರೆ ಸುಪ್ರೀಂ ಕೋರ್ಟಿಗೆ ಹೋಗಬೇಕು.

ತಾಲ್ಲೂಕುಗಳವರು ಇನ್ನೊಂದು ವಿಷಯ ಕೇಳಿ ತಿಳಿದುಕೊಳ್ಳಬೇಕು. ನಿಮ್ಮ ಊರು ಕುಟುಂಬ ನ್ಯಾಯಾಲಯದ ವ್ಯಾಪ್ತಿಗೆ ಬರುತ್ತದೋ, ಸಿವಿಲ್ ನ್ಯಾಯಾಲಯದಲ್ಲೇ ವಿಚಾರಣೆಯಾಗುತ್ತದೋ ಎಂಬುದು. ಮೈಸೂರಿನಲ್ಲಿ ಕೃಷ್ಣರಾಜ ಬುಲೆವಾರ್ಡಿನ ಹಳೆಯ ಕೋರ್ಟ್ ಆವರಣ ಒಂದು, ಜಯನಗರದ ಮಳಲವಾಡಿಯ ಹೊಸ ಸಂಕೀರ್ಣ ಇನ್ನೊಂದು. ವಾಯಿದೆಯ ದಿನ ತಪ್ಪು ಕಟ್ಟಡಕ್ಕೆ ಹೋಗಿ ಕೂಗಿದಾಗ ಇಲ್ಲದಂತಾಗುವುದು ಸುಲಭ. ಇ-ಕೋರ್ಟ್ಸ್ ಆ್ಯಪಿನಲ್ಲಿ ಪ್ರಕರಣದ 16 ಅಕ್ಷರದ ಸಿಎನ್‌ಆರ್ ಸಂಖ್ಯೆ ಹಾಕಿದರೆ ಯಾವ ನ್ಯಾಯಾಲಯ, ಯಾವ ಹಂತ, ಮುಂದಿನ ವಾಯಿದೆ ಯಾವತ್ತು ಎಲ್ಲವೂ ಕಾಣುತ್ತದೆ. ಅರ್ಜಿ ದಾಖಲಾದ ಕೂಡಲೇ ವಕೀಲರಿಂದ ಈ ಸಂಖ್ಯೆ ಪಡೆದು ಮೊಬೈಲಿನಲ್ಲಿಟ್ಟುಕೊಳ್ಳಿ. ಆಮೇಲೆ ‘ಡೇಟ್ ಏನಾಯ್ತು ಸಾರ್’ ಎಂದು ಗುಮಾಸ್ತರಿಗೆ ಫೋನು ಮಾಡುವುದೇ ಬೇಕಾಗುವುದಿಲ್ಲ.

ಹುಡುಕುವುದು

ವಕೀಲರು ಜಾಹೀರಾತು ಕೊಡುವಂತಿಲ್ಲ, ಮಧ್ಯವರ್ತಿಗಳ ಮೂಲಕ ಕಕ್ಷಿದಾರರನ್ನು ಹಿಡಿಯುವಂತಿಲ್ಲ. ಭಾರತೀಯ ವಕೀಲರ ಪರಿಷತ್ತಿನ ನಿಯಮವೇ ಹಾಗಿದೆ. ಆದ್ದರಿಂದ ಕೋರ್ಟ್ ಗೇಟಿನ ಬಳಿ, ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದೆ ‘ಯಾವ ಕೇಸು, ಬನ್ನಿ’ ಎಂದು ಕರೆಯುವವರ ಹಿಂದೆ ಹೋಗಬೇಡಿ. ಪರಿಚಯದವರು ಹೇಳಿದ ಎರಡು ಮೂರು ಹೆಸರುಗಳನ್ನು ಇ-ಕೋರ್ಟ್ಸ್ ಜಾಲತಾಣದಲ್ಲಿ ವಕೀಲರ ಹೆಸರಿನ ಮೂಲಕ ಹುಡುಕಿ ನೋಡಿ. ಆ ನ್ಯಾಯಾಲಯದಲ್ಲಿ ಅವರ ಹೆಸರಲ್ಲಿ ‘ಎಂ.ಸಿ.’ ಎಂದು ನಮೂದಾದ ವೈವಾಹಿಕ ಪ್ರಕರಣಗಳು ಎಷ್ಟಿವೆ, ‘ಜಿ ಅಂಡ್ ಡಬ್ಲ್ಯೂಸಿ’ ಎಂದಿರುವ ಪೋಷಕತ್ವದ ಪ್ರಕರಣಗಳಿವೆಯೇ ಎಂಬುದು ಅಲ್ಲೇ ಸಿಗುತ್ತದೆ. ಜಮೀನಿನ ದಾವೆಗಳಲ್ಲಿ ಹೆಸರು ಮಾಡಿದ ಹಿರಿಯರು ಮಗುವಿನ ಭೇಟಿಯ ಅರ್ಜಿಯಲ್ಲಿ ಅಷ್ಟೇ ಚುರುಕಾಗಿರುತ್ತಾರೆ ಎನ್ನುವಂತಿಲ್ಲ.

ಮೊದಲ ಭೇಟಿಯಲ್ಲಿ ಕೇಳಲೇಬೇಕಾದ ಪ್ರಶ್ನೆ: ವಾಯಿದೆಗೆ ನೀವೇ ಬರುತ್ತೀರೋ, ಜೂನಿಯರ್ ಬರುತ್ತಾರೋ? ಜೂನಿಯರ್ ಬಂದರೆ ತಪ್ಪಿಲ್ಲ, ನೋಟಿಸ್ ಜಾರಿಯಂಥ ಹಂತಗಳಿಗೆ ಅವರೇ ಸಾಕು. ಪಾಟೀಸವಾಲು (ಸಾಕ್ಷಿ ಹೇಳಿದವರನ್ನು ಎದುರಿನ ವಕೀಲರು ಪ್ರಶ್ನಿಸುವುದು) ಮತ್ತು ವಾದದ ದಿನ ಮಾತ್ರ ನೀವು ನಂಬಿ ಬಂದವರೇ ಇರಬೇಕು, ಅದನ್ನು ಆಗಲೇ ಮಾತಾಡಿಕೊಳ್ಳಿ. ರಾಜ್ಯ ವಕೀಲರ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ. ವಕಾಲತ್ತಿನಲ್ಲಿ, ಅಂದರೆ ನಿಮ್ಮ ಪರ ಹಾಜರಾಗಲು ವಕೀಲರಿಗೆ ಅಧಿಕಾರ ಕೊಡುವ ಪತ್ರದಲ್ಲಿ, ಹೇಗೂ ಅದನ್ನು ಬರೆದಿರುತ್ತಾರೆ.

‘ನೀವೇನೂ ಬರಬೇಡಿ, ಎಲ್ಲಾ ನಾನು ನೋಡ್ಕೋತೀನಿ’ ಎನ್ನುವ ಭರವಸೆ ಕುಟುಂಬ ನ್ಯಾಯಾಲಯದಲ್ಲಿ ನಡೆಯುವುದಿಲ್ಲ. 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆಯ 13ನೇ ಕಲಂ ಪ್ರಕಾರ ಅಲ್ಲಿ ವಕೀಲರ ಮೂಲಕ ಹಾಜರಾಗುವುದು ಹಕ್ಕೇ ಅಲ್ಲ. ನ್ಯಾಯಾಲಯದ ಅನುಮತಿ ಬೇಕು, ವಕೀಲರು ವಕಾಲತ್ತಿನ ಜೊತೆಗೇ ಅದಕ್ಕೊಂದು ಅರ್ಜಿ ಕೊಡುತ್ತಾರೆ. ಸಂಧಾನಕ್ಕೆ, ಮಧ್ಯಸ್ಥಿಕೆಗೆ, ಸಾಕ್ಷ್ಯಕ್ಕೆ ನೀವೇ ಬರಬೇಕು. ವಿದೇಶದಲ್ಲಿದ್ದರೆ ವಿಡಿಯೊ ಮೂಲಕ ಹಾಜರಾಗಲು ಅನುಮತಿ ಕೇಳಬಹುದು.

ಕೈಯಲ್ಲಿ ಏನಿರಬೇಕು

ಅಳು, ಕೋಪ, ಅವಮಾನ ಎಲ್ಲ ಹೊತ್ತುಕೊಂಡೇ ಜನ ವಕೀಲರ ಚೇಂಬರಿಗೆ ಬರುತ್ತಾರೆ. ಅದು ಸಹಜ. ಆದರೆ ಒಂದು ಗಂಟೆಯ ಭೇಟಿಯಲ್ಲಿ ಮುಕ್ಕಾಲು ಗಂಟೆ ಅತ್ತೆ ಆಡಿದ ಮಾತಿಗೇ ಹೋದರೆ ಅರ್ಜಿಗೆ ಬೇಕಾದ ವಿಷಯ ಹೊರಬರುವುದಿಲ್ಲ. ಹಿಂದಿನ ರಾತ್ರಿ ಒಂದು ಹಾಳೆಯಲ್ಲಿ ತಾರೀಖಿನ ಕ್ರಮದಲ್ಲಿ ಬರೆದುಕೊಳ್ಳಿ: ಮದುವೆಯಾದದ್ದು, ಮಗು ಹುಟ್ಟಿದ್ದು, ಮೊದಲ ಸಲ ಹೊಡೆದದ್ದು ಅಥವಾ ಮನೆಬಿಟ್ಟದ್ದು, ಠಾಣೆಗೆ ಹೋದದ್ದು, ಆಸ್ಪತ್ರೆಗೆ ತೋರಿಸಿದ್ದು, ಕೊನೆಯ ಸಲ ಒಟ್ಟಿಗಿದ್ದದ್ದು. ಈ ಕೊನೆಯ ತಾರೀಖು ಬಹಳ ಮುಖ್ಯ. ತ್ಯಜಿಸಿಹೋದ ಕಾರಣಕ್ಕೆ ವಿಚ್ಛೇದನ ಕೇಳಲು 2 ವರ್ಷ, ಪರಸ್ಪರ ಒಪ್ಪಿಗೆಗೆ 1 ವರ್ಷ ಪ್ರತ್ಯೇಕವಾಗಿರಬೇಕು, ಲೆಕ್ಕ ಹಿಡಿಯುವುದು ಆ ದಿನದಿಂದ.

ಮದುವೆ ನೋಂದಣಿಯಾಗಿಲ್ಲ ಎಂದು ಹೆದರುವವರು ಬಹಳ ಮಂದಿ. ಶಾಸ್ತ್ರೋಕ್ತವಾಗಿ ನಡೆದ ಹಿಂದೂ ಮದುವೆ ನೋಂದಣಿಯಿಲ್ಲದೆಯೂ ಸಿಂಧು. ಲಗ್ನಪತ್ರಿಕೆ, ಧಾರೆಯ ಫೋಟೊ, ಮಂಟಪದ ರಸೀದಿ, ಇಬ್ಬರ ಹೆಸರೂ ಇರುವ ಪಡಿತರ ಚೀಟಿ, ಮಗುವಿನ ಜನನ ಪ್ರಮಾಣಪತ್ರ ಸಾಕ್ಷಿಯಾಗುತ್ತವೆ.

ಜೀವನಾಂಶ ಕೇಳುವವರಿಗೆ ಎದುರಿನವರ ಆದಾಯ ತೋರಿಸುವುದೇ ಕಷ್ಟದ ಕೆಲಸ. ಮೈಸೂರಿನ ಸಂಬಳದಾರನಾದರೆ ವೇತನ ಚೀಟಿ, ಬ್ಯಾಂಕ್ ವಿವರ ಇರುತ್ತದೆ. ಮಂಡ್ಯದ ರೈತ ಕುಟುಂಬದಲ್ಲಿ ‘ನನಗೇನೂ ಆದಾಯವಿಲ್ಲ, ಎಲ್ಲಾ ಅಪ್ಪನ ಹೆಸರಲ್ಲಿದೆ’ ಎಂಬ ಉತ್ತರ ಬರುತ್ತದೆ. ಅದಕ್ಕೆ ಎದುರಾಗಿ ಇಡಬಹುದಾದ ಕಾಗದಗಳಿವೆ: ಭೂಮಿ ತಂತ್ರಾಂಶದಿಂದ ಯಾರು ಬೇಕಾದರೂ ತೆಗೆಯಬಹುದಾದ ಪಹಣಿ, ಕಾರ್ಖಾನೆಗೆ ಕಬ್ಬು ಸಾಗಿಸಿದ ಬಿಲ್ಲು, ಹಾಲಿನ ಡೇರಿಯ ಪಾಸ್‌ಬುಕ್, ಟ್ರ್ಯಾಕ್ಟರಿನ ಆರ್‌ಸಿ, ಸೊಸೈಟಿ ಸಾಲದ ದಾಖಲೆ. ಸರ್ವೆ ನಂಬರ್ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ. 2020ರಲ್ಲಿ ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲಗಳ ಅಫಿಡವಿಟ್ ಕೊಡಲೇಬೇಕು. ಈ ಅಫಿಡವಿಟ್ ತಡವಾದಷ್ಟೂ ಮಧ್ಯಂತರ ಜೀವನಾಂಶ ಮುಂದಕ್ಕೆ ಹೋಗುತ್ತದೆ. ನಿಮ್ಮದನ್ನು ಅರ್ಜಿಯ ಜೊತೆಗೇ ಹಾಕಲು ವಕೀಲರಿಗೆ ಹೇಳಿ. ಅದರಲ್ಲಿ ಸುಳ್ಳು ಬರೆದರೆ ಪಾಟೀಸವಾಲಿನಲ್ಲಿ ಸಿಕ್ಕಿಬೀಳುವುದು ಖಂಡಿತ, ಒಂದು ಸುಳ್ಳು ಸಿಕ್ಕಿದ ಮೇಲೆ ಉಳಿದ ಸತ್ಯಗಳನ್ನೂ ನಂಬುವುದು ಕಷ್ಟ.

ವಾಟ್ಸ್‌ಆ್ಯಪ್ ಸಂದೇಶ, ಧ್ವನಿಮುದ್ರಿಕೆಗಳಿದ್ದರೆ ಸ್ಕ್ರೀನ್‌ಶಾಟ್ ತೆಗೆದು ಫೋನ್ ಮಾರಿಬಿಡಬೇಡಿ. ಮೂಲ ಫೋನು ಇರಬೇಕು. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ವಿದ್ಯುನ್ಮಾನ ದಾಖಲೆಗೆ ಬೇಕಾದ ಪ್ರಮಾಣಪತ್ರವನ್ನೂ ಜೊತೆಗಿಡಬೇಕು. ಈ ಪ್ರಮಾಣಪತ್ರ ಮರೆತು ಒಳ್ಳೆಯ ಸಾಕ್ಷ್ಯ ನ್ಯಾಯಾಲಯದ ದಾಖಲೆಗೆ ಸೇರದೆ ಹೋದ ಪ್ರಕರಣಗಳು ಕಡಿಮೆಯಿಲ್ಲ.

ಫೀಸಿನ ಮಾತು

ವಿಚ್ಛೇದನದ ಅರ್ಜಿಗೆ ನ್ಯಾಯಾಲಯ ಶುಲ್ಕ ದೊಡ್ಡದಲ್ಲ. ಖರ್ಚು ಇರುವುದು ವಕೀಲರ ಫೀಸಿನಲ್ಲಿ. ಒಟ್ಟು ಮೊತ್ತ ಮಾತಾಡಿಕೊಂಡು ಹಂತಹಂತವಾಗಿ ಕೊಡುವುದು ಒಳ್ಳೆಯದು: ಅರ್ಜಿ ದಾಖಲಾದಾಗ ಒಂದು ಪಾಲು, ಸಾಕ್ಷ್ಯ ಶುರುವಾದಾಗ ಒಂದು, ವಾದದ ಹೊತ್ತಿಗೆ ಉಳಿದದ್ದು. ‘ಒಂದು ವಾಯಿದೆಗೆ ಇಷ್ಟು’ ಎಂಬ ಲೆಕ್ಕ ಮೊದಲು ಅಗ್ಗವಾಗಿ ಕಾಣುತ್ತದೆ, ಪ್ರಕರಣ ಎಳೆದಂತೆಲ್ಲ ಅದೇ ದುಬಾರಿಯಾಗುತ್ತದೆ. ಯಾವುದು ಒಳಗಿದೆ, ಯಾವುದು ಹೊರಗಿದೆ ಎಂದು ಬರೆಸಿಕೊಳ್ಳಿ. ಮಧ್ಯಂತರ ಅರ್ಜಿಗಳು, ಪ್ರತ್ಯೇಕ ಜೀವನಾಂಶದ ಪ್ರಕರಣ, ಮ್ಯಾಜಿಸ್ಟ್ರೇಟರ ಮುಂದಿನ ಕೌಟುಂಬಿಕ ದೌರ್ಜನ್ಯದ ಅರ್ಜಿ, ಹೈಕೋರ್ಟಿನ ಕೆಲಸ, ಇವನ್ನು ಬೇರೆ ಬೇರೆ ಪ್ರಕರಣವೆಂದೇ ಲೆಕ್ಕ ಹಾಕುತ್ತಾರೆ, ಅದರಲ್ಲಿ ಮೋಸವೇನೂ ಇಲ್ಲ. ಮೊದಲೇ ಹೇಳದಿದ್ದರೆ ಮನಸ್ತಾಪ. ಸಿಗುವ ಜೀವನಾಂಶದಲ್ಲಿ ಶೇಕಡಾ ಇಷ್ಟು ತನಗೆ ಎಂಬ ಒಪ್ಪಂದ ವಕೀಲರ ನಡತೆಯ ನಿಯಮಕ್ಕೇ ವಿರುದ್ಧ. ಹಾಗೆ ಕೇಳಿದರೆ ಬೇರೆಯವರನ್ನು ನೋಡಿ.

ದುಡ್ಡಿಲ್ಲವೆಂದು ಸುಮ್ಮನೆ ಕೂರಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯದ ಮಿತಿಯೇ ಇಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಪರಿಶಿಷ್ಟ ಜಾತಿ, ಪಂಗಡದವರಿಗೂ ಅಂಗವಿಕಲರಿಗೂ ಹಾಗೆಯೇ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲೋ ತಾಲ್ಲೂಕು ಸಮಿತಿಯಲ್ಲೋ ಅರ್ಜಿ ಕೊಡಬಹುದು, 15100ಕ್ಕೆ ಕರೆ ಮಾಡಿದರೂ ದಾರಿ ಹೇಳುತ್ತಾರೆ. ಪ್ರಕರಣ ನಡೆಯುತ್ತಿರುವಾಗ ಸ್ವಂತ ಆದಾಯವಿಲ್ಲದ ಗಂಡನಾಗಲಿ ಹೆಂಡತಿಯಾಗಲಿ ಹಿಂದೂ ವಿವಾಹ ಕಾಯ್ದೆಯ 24ನೇ ಕಲಂ ಅಡಿ ಜೀವನಾಂಶವನ್ನೂ ಪ್ರಕರಣದ ಖರ್ಚನ್ನೂ ಎದುರಿನವರಿಂದ ಕೇಳಬಹುದು. ಆ ಅರ್ಜಿಯನ್ನು ನೋಟಿಸ್ ಜಾರಿಯಾದ 60 ದಿನಗಳಲ್ಲಿ ಸಾಧ್ಯವಾದಷ್ಟೂ ತೀರ್ಮಾನಿಸಬೇಕೆಂದು ಕಾಯ್ದೆ ಹೇಳುತ್ತದೆ. ನಿಜದಲ್ಲಿ ಅದು ಅಷ್ಟು ಬೇಗ ಆಗುವುದು ನಿಮ್ಮ ವಕೀಲರು ಪ್ರತಿ ವಾಯಿದೆಯಲ್ಲೂ ನೆನಪಿಸಿದರೆ ಮಾತ್ರ.

ಹೊಡೆತ, ಬೆದರಿಕೆ ಈಗಲೂ ನಡೆಯುತ್ತಿದ್ದರೆ ವಿಚ್ಛೇದನದ ವಿಚಾರ ಆಮೇಲಿರಲಿ. ಮೊದಲು 181ಕ್ಕೆ ಕರೆ ಮಾಡಿ, ಅಥವಾ ಶಿಶು ಅಭಿವೃದ್ಧಿ ಯೋಜನಾಧಿಕಾರಿಯನ್ನು ನೋಡಿ; ನಮ್ಮ ರಾಜ್ಯದಲ್ಲಿ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ರಕ್ಷಣಾಧಿಕಾರಿ ಅವರೇ. ತಾತ್ಕಾಲಿಕವಾಗಿ ತವರಲ್ಲಿದ್ದರೂ ಆ ಊರಿನ ಮ್ಯಾಜಿಸ್ಟ್ರೇಟರಲ್ಲೇ ಅರ್ಜಿ ಹಾಕಬಹುದು.

ಒಪ್ಪಿಗೆಯ ವಿಚ್ಛೇದನ ಎಲ್ಲಿ ಮುರಿಯುತ್ತದೆ

ಹಿಂದೂ ವಿವಾಹ ಕಾಯ್ದೆಯ 13ಬಿ ಕಲಂ ಅಡಿ ಇಬ್ಬರೂ ಸೇರಿ ಹಾಕುವ ಅರ್ಜಿ ಎಲ್ಲಕ್ಕಿಂತ ಸಲೀಸಾದ ದಾರಿ. ಒಂದು ವರ್ಷದಿಂದ ಗಂಡ ಹೆಂಡತಿಯಾಗಿ ಬಾಳದೆ ಬೇರೆಯಿದ್ದರೆ ಸಾಕು. ಒಂದೇ ಸೂರಿನಡಿ ಇದ್ದೂ ಬೇರೆಯಾಗಿರುವುದು ಸಾಧ್ಯ ಎಂದು ಸುಪ್ರೀಂ ಕೋರ್ಟ್ 1991ರ ಸುರೇಷ್ಟಾ ದೇವಿ ಪ್ರಕರಣದಲ್ಲಿ ಒಪ್ಪಿದೆ. ಅರ್ಜಿ ಹಾಕಿದ 6 ತಿಂಗಳ ನಂತರ, 18 ತಿಂಗಳೊಳಗೆ ಇಬ್ಬರೂ ಮತ್ತೆ ಬಂದು ‘ಹೌದು, ಬೇಕು’ ಎನ್ನಬೇಕು. ಅರ್ಜಿ ಹಾಕುವ ಹೊತ್ತಿಗೇ ಒಂದೂವರೆ ವರ್ಷ ಪ್ರತ್ಯೇಕವಾಗಿದ್ದು, ಸಂಧಾನ ವಿಫಲವಾಗಿ, ಜೀವನಾಂಶ ಮತ್ತು ಮಗುವಿನ ವಿಷಯವೆಲ್ಲ ನಿಜವಾಗಿ ಇತ್ಯರ್ಥವಾಗಿದ್ದರೆ, ಆ 6 ತಿಂಗಳ ಕಾಯುವಿಕೆಯನ್ನು ಮನ್ನಾ ಮಾಡಲು ಕೇಳಬಹುದು. 2017ರ ಅಮರ್‌ದೀಪ್ ಸಿಂಗ್ ತೀರ್ಪು ಕೊಟ್ಟ ಅವಕಾಶ ಇದು. ಸಂಸಾರ ಸರಿಪಡಿಸಲಾಗದಷ್ಟು ಮುರಿದಿದೆ ಎಂಬ ಒಂದೇ ಕಾರಣಕ್ಕೆ ಮದುವೆ ರದ್ದು ಮಾಡುವ ಅಧಿಕಾರ ಇರುವುದು ಸುಪ್ರೀಂ ಕೋರ್ಟಿಗೆ, ಸಂವಿಧಾನದ 142ನೇ ವಿಧಿಯಡಿ. ಪತ್ರಿಕೆಯಲ್ಲಿ ಅಂಥ ಸುದ್ದಿ ಓದಿ ಮೈಸೂರಿನ ಕುಟುಂಬ ನ್ಯಾಯಾಲಯದಲ್ಲೂ ಅದೇ ಸಿಗುತ್ತದೆ ಎಂದುಕೊಳ್ಳಬಾರದು.

ಮುರಿಯುವ ಜಾಗಗಳು ಬೇರೆ. ಡಿಕ್ರಿಯಾಗುವವರೆಗೂ ಒಬ್ಬರು ಒಪ್ಪಿಗೆ ಹಿಂಪಡೆಯಬಹುದು. ಮೊದಲ ದಿನವೇ ಪೂರ್ತಿ ಹಣ ಕೊಟ್ಟವನು ಎರಡನೇ ಹಂತಕ್ಕೆ ಹೆಂಡತಿ ಬರದಿದ್ದರೆ ಒದ್ದಾಡುತ್ತಾನೆ. ಹಣ ಸಿಗುವ ಮೊದಲೇ ಕೊನೆಯ ಸಹಿ ಹಾಕಿದವಳಿಗೆ ವಸೂಲಿಯ ಅಲೆದಾಟ. ಅನುಭವಿ ವಕೀಲರು ಮೊತ್ತವನ್ನು ಎರಡಾಗಿ ಒಡೆದು, ಒಂದು ಭಾಗವನ್ನು ಮೊದಲ ಹಂತದಲ್ಲಿ, ಉಳಿದ ಡಿಡಿಯನ್ನು ಎರಡನೇ ಹಂತದ ದಿನ ನ್ಯಾಯಾಧೀಶರ ಎದುರೇ ಕೈಗೆ ಕೊಡುವಂತೆ ಬರೆಯುತ್ತಾರೆ. ಡಿಡಿ ಸಂಖ್ಯೆ ಆದೇಶದಲ್ಲಿ ದಾಖಲಾಗಬೇಕು. ಒಡವೆಯನ್ನು ‘ಎಲ್ಲ ವಾಪಸಾಗಿದೆ’ ಎಂದು ಒಂದು ಸಾಲಿನಲ್ಲಿ ಮುಗಿಸಬೇಡಿ. ಸರ, ಬಳೆ, ಓಲೆ, ಗ್ರಾಂ ಲೆಕ್ಕ ಬರೆಸಿ.

ಇನ್ನೊಂದು ದೊಡ್ಡ ಎಡವಟ್ಟು ಕ್ರಿಮಿನಲ್ ಪ್ರಕರಣದ್ದು. ಗಂಡ ಮತ್ತು ಅವನ ಮನೆಯವರ ಕ್ರೌರ್ಯದ ವಿರುದ್ಧ ಹಳೆಯ 498ಎ, ಈಗಿನ ನ್ಯಾಯ ಸಂಹಿತೆಯ 85ನೇ ಕಲಂ ಅಡಿ ಕೊಟ್ಟ ದೂರನ್ನು ‘ವಾಪಸ್ ತೆಗೆದುಕೊಳ್ಳುತ್ತೇನೆ’ ಎಂದು ರಾಜಿಪತ್ರದಲ್ಲಿ ಬರೆದರೆ ಅದು ತಾನಾಗಿ ಹೋಗುವುದಿಲ್ಲ. ಅದು ರಾಜಿಗೆ ಬರುವ ಅಪರಾಧವಲ್ಲ. ಇಬ್ಬರೂ ಸೇರಿ ಬೆಂಗಳೂರಿನ ಹೈಕೋರ್ಟಿನಲ್ಲಿ ರದ್ದತಿಗೆ ಅರ್ಜಿ ಹಾಕಬೇಕು. ಆ ಖರ್ಚು ಯಾರದು, ಎಷ್ಟು ದಿನದೊಳಗೆ ಅಫಿಡವಿಟ್‌ಗೆ ಸಹಿ ಹಾಕಬೇಕು, ಎಲ್ಲವೂ ರಾಜಿಪತ್ರದಲ್ಲೇ ಇರಲಿ.

ಇಬ್ಬರಿಗೂ ಒಬ್ಬರೇ ವಕೀಲರು ಸಾಕೆಂದು ಖರ್ಚು ಉಳಿಸುವವರಿದ್ದಾರೆ. ಮಗುವಿಲ್ಲದ, ಆಸ್ತಿಯ ತಂಟೆಯಿಲ್ಲದ ಜೋಡಿಗೆ ಹೇಗೋ ನಡೆದೀತು. ಜೀವನಾಂಶವೋ ಮಗುವೋ ಇದ್ದರೆ ಬೇಡ. ಕಡಿಮೆ ಮಾತಾಡುವವರ ಪಾಲು ಅಲ್ಲಿ ಕರಗಿಹೋಗುತ್ತದೆ.

ಒಪ್ಪಿಗೆಯಿಲ್ಲದ ಪ್ರಕರಣ ಹೀಗೆ ಸಾಗುತ್ತದೆ: ಸಮನ್ಸ್, ಸಂಧಾನ ಅಥವಾ ಮಧ್ಯಸ್ಥಿಕೆ, ಆಕ್ಷೇಪಣೆ, ಮಧ್ಯಂತರ ಅರ್ಜಿಗಳು, ಮುಖ್ಯ ವಿಚಾರಣೆಯ ಅಫಿಡವಿಟ್, ಪಾಟೀಸವಾಲು, ವಾದ, ತೀರ್ಪು. ನ್ಯಾಯಾಲಯ ಕಳಿಸುವ ಮಧ್ಯಸ್ಥಿಕೆ ಕೇಂದ್ರದಲ್ಲಿ ಫೀಸಿಲ್ಲ, ಅಲ್ಲಿ ಆಡಿದ ಮಾತು ಸಾಕ್ಷ್ಯವೂ ಆಗುವುದಿಲ್ಲ; ಮನಸ್ಸು ಬಿಚ್ಚಿ ಮಾತಾಡಿ. ಸಮನ್ಸ್ ಬಂದರೆ ತೆಗೆದುಕೊಳ್ಳದೆ ಬಾಗಿಲು ಹಾಕಿಕೊಳ್ಳುವುದು ಹಳ್ಳಿಯಲ್ಲೂ ಪೇಟೆಯಲ್ಲೂ ಇರುವ ಚಾಳಿ. ಪ್ರಕರಣ ನಿಲ್ಲುವುದಿಲ್ಲ, ಏಕಪಕ್ಷೀಯವಾಗಿ ಡಿಕ್ರಿಯಾಗುತ್ತದೆ, ಅದನ್ನು ರದ್ದು ಮಾಡಿಸಲು ಸಾಮಾನ್ಯವಾಗಿ 30 ದಿನ ಮಾತ್ರ ಸಮಯ. ಇನ್ನು ಅರ್ಜಿಯಲ್ಲಿ ಇಲ್ಲದ್ದನ್ನೆಲ್ಲ ತುಂಬುವ ವಕೀಲರ ಬಗ್ಗೆ ಎಚ್ಚರವಿರಲಿ. ಬರೆದ ಪ್ರತಿ ಆರೋಪಕ್ಕೂ ಪಾಟೀಸವಾಲಿನಲ್ಲಿ ಉತ್ತರಿಸಬೇಕಾದವರು ನೀವು. ಅರ್ಜಿ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಓದಿ ಹೇಳಿಸಿಕೊಂಡೇ ಸಹಿ ಹಾಕಿ.

ಇಲ್ಲಿಯವರೆಗೆ ಹೇಳಿದ್ದು ಹಿಂದೂಗಳಿಗೆ. ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆ, ಮುಸ್ಲಿಂ ಹೆಣ್ಣುಮಕ್ಕಳಿಗೆ 1939ರ ಮುಸ್ಲಿಂ ವಿವಾಹ ವಿಸರ್ಜನೆ ಕಾಯ್ದೆ, ನೋಂದಣಿ ಮದುವೆಯಾದ ಅಂತರ್ಧರ್ಮೀಯರಿಗೆ 1954ರ ವಿಶೇಷ ವಿವಾಹ ಕಾಯ್ದೆ. ವಕೀಲರ ಆಯ್ಕೆ, ಫೀಸು, ಕಾಗದಗಳ ಮಾತು ಎಲ್ಲರಿಗೂ ಒಂದೇ.

ಮಗು

ಮಗುವಿನ ಸುಪರ್ದಿಗೆ 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯಡಿ ಅರ್ಜಿ ಹಾಕುವುದು ಮಗು ಸಾಮಾನ್ಯವಾಗಿ ವಾಸವಿರುವ ಊರಿನ ನ್ಯಾಯಾಲಯದಲ್ಲಿ. ಅಪ್ಪ ಮೈಸೂರಿನಲ್ಲಿದ್ದು ಮಗು ಪಾಂಡವಪುರದ ಶಾಲೆಯಲ್ಲಿ ಓದುತ್ತಿದ್ದರೆ ಮೈಸೂರಿನ ವಕೀಲರಿಗಿಂತ ಮಂಡ್ಯ ಕಡೆಯವರೇ ಸರಿ. ವಿಚ್ಛೇದನ ಆಗಲೇ ನಡೆಯುತ್ತಿದ್ದರೆ ಅಲ್ಲೇ ಹಿಂದೂ ವಿವಾಹ ಕಾಯ್ದೆಯ 26ನೇ ಕಲಂ ಅಡಿ ಕೇಳಬಹುದು.

5 ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕೆಂದು 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆ ಹೇಳುತ್ತದೆ. ಅದರಾಚೆಗೆ ಅಪ್ಪನ ಹಕ್ಕು, ಅಮ್ಮನ ಹಕ್ಕು ಎಂಬ ಜಗ್ಗಾಟಕ್ಕೆ ನ್ಯಾಯಾಲಯ ಬೆಲೆ ಕೊಡುವುದಿಲ್ಲ, ನೋಡುವುದು ಮಗುವಿನ ಕ್ಷೇಮವನ್ನು. ಬುದ್ಧಿ ಬಂದ ಮಗುವನ್ನು ನ್ಯಾಯಾಧೀಶರು ಚೇಂಬರಿಗೆ ಕರೆದು ಮಾತಾಡಿಸುತ್ತಾರೆ. ಹೇಳಿಕೊಟ್ಟ ಮಾತು ಅಲ್ಲಿ ಬೇಗ ಬಯಲಾಗುತ್ತದೆ, ಹೇಳಿಕೊಟ್ಟವರ ವಿರುದ್ಧವೇ ಹೋಗುತ್ತದೆ.

ಸುಪರ್ದಿಯಲ್ಲಿ ಕಾಲವೇ ದೊಡ್ಡ ಸಾಕ್ಷಿ. ಎರಡು ವರ್ಷ ಸುಮ್ಮನಿದ್ದು ಆಮೇಲೆ ಬಂದ ಅಪ್ಪನಿಗೆ, ಮಗು ಹೊಸ ಶಾಲೆಗೆ, ಅಜ್ಜಿ ಮನೆಗೆ ಹೊಂದಿಕೊಂಡಿದೆ, ಕದಲಿಸುವುದು ಬೇಡ ಎಂಬ ಉತ್ತರ ಸಿಗುವುದೇ ಹೆಚ್ಚು. ಹಾಗಾಗಿ ಪೂರ್ತಿ ಸುಪರ್ದಿಯ ತೀರ್ಪಿಗೆ ಕಾಯದೆ ಮೊದಲ ವಾಯಿದೆಯಲ್ಲೇ ಮಧ್ಯಂತರ ಭೇಟಿಗೆ ಅರ್ಜಿ ಹಾಕುವ ವಕೀಲರು ಬೇಕು.

ಭೇಟಿಯ ಆದೇಶದಲ್ಲಿ ‘ತಿಂಗಳಿಗೆ ಎರಡು ಸಲ’ ಎಂದಷ್ಟೇ ಇದ್ದರೆ ಜಗಳಕ್ಕೆ ಬಾಗಿಲು ತೆರೆದಿಟ್ಟಂತೆ. ಎರಡನೇ ಮತ್ತು ನಾಲ್ಕನೇ ಶನಿವಾರ, ಎಷ್ಟು ಗಂಟೆಯಿಂದ ಎಷ್ಟು ಗಂಟೆ, ಮಗುವನ್ನು ಯಾರು ಕರೆತಂದು ಯಾರು ಬಿಡಬೇಕು, ಯಾವ ಜಾಗದಲ್ಲಿ (ಯಾರ ಮನೆ ಬಾಗಿಲಲ್ಲೂ ಬೇಡ), ದಸರಾ ರಜೆಯ ಮೊದಲರ್ಧ ಯಾರಿಗೆ, ಬೇಸಿಗೆ ರಜೆಯಲ್ಲಿ ಎಷ್ಟು ದಿನ, ವಿಡಿಯೊ ಕರೆ ಎಷ್ಟು ಹೊತ್ತಿಗೆ, ಜ್ವರ ಬಂದು ತಪ್ಪಿದ ಭೇಟಿ ಯಾವತ್ತಿಗೆ, ಶಾಲೆಯ ಪೋಷಕರ ಸಭೆಗೆ ಇಬ್ಬರೂ ಹೋಗಬಹುದೇ, ಪಾಸ್‌ಪೋರ್ಟ್ ಯಾರ ಬಳಿ, ಇಷ್ಟನ್ನೂ ಬರೆಸಿ. ಸುಪರ್ದಿಯ ಆದೇಶ ಕಲ್ಲಿನ ಮೇಲಿನ ಬರಹವಲ್ಲ. ಪರಿಸ್ಥಿತಿ ಬದಲಾದರೆ ಮಾರ್ಪಾಡು ಕೇಳಬಹುದು.

ಮಗುವಿಗೆ ಕೊಡಬೇಕಾದ ಜೀವನಾಂಶ ನಿಂತಿದ್ದರೆ ಬಾಕಿಯನ್ನು ಕೂಡಿಡಲು ಬಿಡಬೇಡಿ. ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ (ಹಳೆಯ 125) ಅಡಿಯ ಆದೇಶವಾದರೆ ಆ ಕಲಂ ಪ್ರಕಾರದ ವಾರಂಟಿಗೆ ಬಾಕಿಯಾದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಭೇಟಿ ಕೊಡಲಿಲ್ಲವೆಂದು ಜೀವನಾಂಶ ನಿಲ್ಲಿಸುವುದು, ಜೀವನಾಂಶ ಬರಲಿಲ್ಲವೆಂದು ಭೇಟಿ ತಪ್ಪಿಸುವುದು, ಎರಡೂ ತಪ್ಪು. ಎರಡರಲ್ಲೂ ಸೊರಗುವುದು ಮಗು.

ದತ್ತು

‘ಖಾಸಗಿ ದತ್ತು’ ಎಂಬ ಮಾತು ಕೇಳಿದರೆ ಜಾಗರೂಕರಾಗಿ. ವಕೀಲರಾಗಲಿ ನರ್ಸಿಂಗ್ ಹೋಮಿನವರಾಗಲಿ ಹಣ ಪಡೆದು ಮಗು ಹುಡುಕಿಕೊಡುವ ವ್ಯವಸ್ಥೆ ನಮ್ಮ ಕಾನೂನಿನಲ್ಲಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 81ನೇ ಕಲಂ ಪ್ರಕಾರ ಮಗುವನ್ನು ಮಾರುವುದು, ಕೊಳ್ಳುವುದು ಎರಡಕ್ಕೂ 5 ವರ್ಷದವರೆಗೆ ಕಠಿಣ ಸಜೆ ಮತ್ತು ದಂಡ. ಆಸ್ಪತ್ರೆಯವರೇ ಮಾಡಿದರೆ 3ರಿಂದ 7 ವರ್ಷ. ಅಂಥ ಮಗುವನ್ನು ವರ್ಷಗಳ ನಂತರವೂ ಮನೆಯಿಂದ ಕರೆದೊಯ್ಯಬಹುದು. ಆ ನೋವಿಗೆ ಯಾವ ವಕೀಲರಲ್ಲೂ ಮದ್ದಿಲ್ಲ.

ಸರಿಯಾದ ದಾರಿಗಳು ಎರಡು. ಸಂಬಂಧವಿಲ್ಲದ, ಅನಾಥ ಅಥವಾ ಹೆತ್ತವರು ಕಾನೂನಿನ ಪ್ರಕಾರ ಬಿಟ್ಟುಕೊಟ್ಟ ಮಗುವನ್ನು ಪಡೆಯಲು ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದ, ಅಂದರೆ ಕಾರಾ ಸಂಸ್ಥೆಯ ಪೋರ್ಟಲ್‌ನಲ್ಲಿ ನೀವೇ ನೋಂದಾಯಿಸಬೇಕು. ಮನೆ ಅಧ್ಯಯನ, ಸರದಿ, ಮಗುವಿನ ಆಯ್ಕೆ ಎಲ್ಲವೂ ಅದರ ಮೂಲಕವೇ. 2022ರ ಸೆಪ್ಟೆಂಬರಿನಿಂದ ದತ್ತು ಆದೇಶ ಹೊರಡಿಸುವುದು ನ್ಯಾಯಾಲಯವಲ್ಲ, ಜಿಲ್ಲಾಧಿಕಾರಿ. ಇಲ್ಲಿ ವಕೀಲರ ಅಗತ್ಯ ಇಲ್ಲವೆಂದೇ ಹೇಳಬಹುದು. ಅನುಮಾನವಿದ್ದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೇಳಿ. ಬೇಡವಾದ ಹಸುಗೂಸು ಯಾರದಾದರೂ ಕೈಗೆ ಬಂದರೆ 1098ಕ್ಕೆ ತಿಳಿಸಬೇಕು, ಮನೆಯಲ್ಲಿಟ್ಟುಕೊಳ್ಳುವಂತಿಲ್ಲ.

ಎರಡನೆಯದು 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ. ಅಣ್ಣನ ಮಗನನ್ನು ತಮ್ಮ ದತ್ತು ತೆಗೆದುಕೊಳ್ಳುವಂಥದ್ದು ಇದರಡಿ ಬರುತ್ತದೆ, ವಕೀಲರ ನೆರವು ಇಲ್ಲಿ ಬೇಕು. ಮಗುವಿಗೆ 15 ತುಂಬಿರಬಾರದು, ಮದುವೆಯಾಗಿರಬಾರದು (ರೂಢಿಯಿದ್ದರೆ ವಿನಾಯಿತಿಯಿದೆ, ಅದನ್ನೂ ಸಾಬೀತುಪಡಿಸಬೇಕು). ಮಗನಿದ್ದವರು, ಮಗನ ಮಗನಿದ್ದವರು ಗಂಡುಮಗುವನ್ನು ದತ್ತು ತೆಗೆದುಕೊಳ್ಳುವಂತಿಲ್ಲ. ಹೆಣ್ಣುಮಗುವಿನ ದತ್ತಿಗೂ ಅದೇ ರೀತಿಯ ನಿಯಮ. ಗಂಡು ಹೆಣ್ಣುಮಗುವನ್ನು, ಹೆಣ್ಣು ಗಂಡುಮಗುವನ್ನು ತೆಗೆದುಕೊಂಡರೆ 21 ವರ್ಷದ ಅಂತರವಿರಬೇಕು. ಹೆತ್ತ ತಂದೆ ತಾಯಿ ಇಬ್ಬರ ಒಪ್ಪಿಗೆಯೂ ಬೇಕು. ವಿಚ್ಛೇದನದ ನಂತರ ಮರುಮದುವೆಯಾದ ತಾಯಿ, ಹೊಸ ಗಂಡ ತನ್ನ ಮಗುವನ್ನು ದತ್ತು ತೆಗೆದುಕೊಳ್ಳಲಿ ಎಂದಾಗ ಎಡವುವುದು ಇಲ್ಲೇ, ಹೆತ್ತ ತಂದೆಯ ಒಪ್ಪಿಗೆಯಲ್ಲಿ.

ಹೋಮ ಕಡ್ಡಾಯವಲ್ಲ. ಕೊಡುವವರು ಮಗುವನ್ನು ಕೈಯಿಂದ ಕೈಗೆ ಕೊಟ್ಟು, ತೆಗೆದುಕೊಳ್ಳುವವರು ಸ್ವೀಕರಿಸುವುದು ಕಡ್ಡಾಯ. ಅದರ ಫೋಟೊ ಇರಲಿ, ಸಾಕ್ಷಿಗಳ ಹೆಸರು ಇರಲಿ. ಎರಡೂ ಕಡೆಯವರು ಸಹಿ ಮಾಡಿದ ದತ್ತಕ ಪತ್ರವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದರೆ, ದತ್ತು ಕ್ರಮಬದ್ಧವಾಗಿದೆ ಎಂದು ನ್ಯಾಯಾಲಯ ಭಾವಿಸಿಕೊಳ್ಳುತ್ತದೆ, ಅಲ್ಲವೆನ್ನುವವರೇ ಸಾಬೀತುಪಡಿಸಬೇಕು. ನೋಂದಣಿಯ ಖರ್ಚು ಉಳಿಸಿದವರ ಮಕ್ಕಳು ಮೂವತ್ತು ವರ್ಷದ ನಂತರ ಪಿತ್ರಾರ್ಜಿತ ಜಮೀನಿನ ದಾವೆಯಲ್ಲಿ ಸಾಕ್ಷಿಗಳನ್ನು ಹುಡುಕಿಕೊಂಡು ಅಲೆಯುತ್ತಾರೆ. ಒಮ್ಮೆ ಆದ ದತ್ತನ್ನು ರದ್ದು ಮಾಡಲಾಗದು, ಮಗುವಿಗೆ ಹೆತ್ತವರ ಮನೆಯ ಮುಂದಿನ ಪಾಲೂ ಇರುವುದಿಲ್ಲ. ಕೊಡುವವರಿಗೆ ಇದು ಗೊತ್ತಿದೆಯೇ ಎಂದು ವಕೀಲರು ಕೇಳಬೇಕು.

ವಕೀಲರನ್ನು ಬದಲಿಸುವುದು, ಪ್ರಕರಣ ಮುಗಿಸುವುದು

ವಿಶ್ವಾಸ ಹೋದರೆ ವಕೀಲರನ್ನು ಬದಲಿಸುವುದು ನಿಮ್ಮ ಹಕ್ಕು. ಹಳೆಯ ವಕೀಲರು ‘ಆಕ್ಷೇಪಣೆ ಇಲ್ಲ’ ಎಂದು ಬರೆದುಕೊಟ್ಟರೆ ಹೊಸಬರು ವಕಾಲತ್ತು ಹಾಕುತ್ತಾರೆ. ಬರೆದುಕೊಡದಿದ್ದರೆ ನ್ಯಾಯಾಲಯದ ಅನುಮತಿ ಕೇಳಬೇಕು. ಫೀಸು ಬಾಕಿಯಿದೆ ಎಂದು ಕಡತ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲಿ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಹೇಳಿದೆ. ದುರ್ನಡತೆಯ ದೂರು ಹೋಗಬೇಕಾದದ್ದು ರಾಜ್ಯ ವಕೀಲರ ಪರಿಷತ್ತಿಗೆ, ವಕೀಲರ ಕಾಯ್ದೆಯ 35ನೇ ಕಲಂ ಅಡಿ. ಸುಪ್ರೀಂ ಕೋರ್ಟಿನ 2024ರ ಮೇ ತೀರ್ಪಿನ ನಂತರ ಗ್ರಾಹಕರ ವೇದಿಕೆಗೆ ಹೋಗುವ ದಾರಿ ಮುಚ್ಚಿದೆ. ಬದಲಿಸುವುದಾದರೆ ಪಾಟೀಸವಾಲು ಶುರುವಾಗುವ ಮುನ್ನ ಬದಲಿಸಿ, ನಡುವೆ ಬೇಡ.

ಡಿಕ್ರಿಯಾದ ಮೇಲೆ ದೃಢೀಕೃತ ನಕಲಿಗೆ ಅಂದೇ ಅರ್ಜಿ ಹಾಕಿಸಿ, ಮೂರು ನಾಲ್ಕು ಪ್ರತಿ ತೆಗೆದಿಟ್ಟುಕೊಳ್ಳಿ. ಪಾಸ್‌ಪೋರ್ಟಿಗೆ, ಬ್ಯಾಂಕಿಗೆ, ಮರುಮದುವೆಯ ನೋಂದಣಿಗೆ ಅದೇ ಬೇಕು. ವಿರೋಧವಿದ್ದ ಪ್ರಕರಣವಾದರೆ ಮೇಲ್ಮನವಿಯ ಅವಧಿ ಮುಗಿಯುವವರೆಗೆ, ಹಿಂದೂ ವಿವಾಹ ಕಾಯ್ದೆಯ ಲೆಕ್ಕದಲ್ಲಿ 90 ದಿನ, ಮರುಮದುವೆಯ ದಿನ ಗೊತ್ತು ಮಾಡಬೇಡಿ. ಸಾಕ್ಷ್ಯವಾಗಿ ಗುರುತು ಮಾಡಿದ ಲಗ್ನಪತ್ರಿಕೆ, ಫೋಟೊ, ಮೂಲ ರಸೀದಿಗಳು ನ್ಯಾಯಾಲಯದ ಕಡತದಲ್ಲೇ ಉಳಿದಿರುತ್ತವೆ. ಮೇಲ್ಮನವಿಯ ಅವಧಿ ಕಳೆದ ಮೇಲೆ ಅವನ್ನು ಹಿಂದಿರುಗಿಸುವಂತೆ ಒಂದು ಪುಟದ ಅರ್ಜಿ ಹಾಕಬೇಕು. ಕೊನೆಯ ಕಂತಿನ ಫೀಸು ಕೊಡುವಾಗ ಆ ಅರ್ಜಿಯ ಮಾತನ್ನೂ ವಕೀಲರ ಬಳಿ ಆಡಿ ಬನ್ನಿ.